ನಂಬರ್ ಅದೇ, ಕಂಪೆನಿ ಬೇರೆ

ಅಂತೂ ನಾನೂ ಕಂಪೆನಿ ಬದಲಿಸಿದೆ ಮಾರಾಯ್ರೆ. ಯಾವುದನ್ನು ಬಿಟ್ಟು ಯಾವುದನ್ನು ಹಿಡಿದೆ ಅಂತ ಮಾತ್ರ ಕೇಳಬೇಡಿ, ಬೆಳ್ಮಣ್ ಪೇಟೆಯಲ್ಲಿ ಎರಡೂ ಕಡೆಯವರು ನನಗೆ ಬೇಕಾದವರೇ. 2024ರ ಜುಲೈಯಲ್ಲಿ ಖಾಸಗಿಯವರೆಲ್ಲ ಮಾತಾಡಿಕೊಂಡವರ ಹಾಗೆ ಒಟ್ಟಿಗೇ ದರ ಏರಿಸಿದಾಗಲೇ ಮನಸ್ಸು ಕೆಟ್ಟಿತ್ತು. ಆದರೆ ನನ್ನ ಕಥೆ ಗೊತ್ತಲ್ಲ, ಆಟಿ ತಿಂಗಳಲ್ಲಿ ಯೋಚನೆ, ದೀಪಾವಳಿ ಕಳೆದ ಮೇಲೆ ಕೆಲಸ.

ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ನಂಬರ್ ಹಾಕಿ 1900ಕ್ಕೆ ಕಳಿಸಬೇಕು. ಅಷ್ಟೇ. ಆದರೆ ಸಿಗ್ನಲ್ ಇಲ್ಲ ಅಂತ ತಾನೇ ನಾನು ಬಿಡುವುದು? ಬಿಡ್ತೇನೆ ಅಂತ ಹೇಳುವುದಕ್ಕೂ ಅದರದೇ ಸಿಗ್ನಲ್ ಬೇಕಲ್ಲ! ಬಾವಿಕಟ್ಟೆ ಹತ್ತಿ ಕೈ ಮೇಲೆತ್ತಿದೆ. ನಮ್ಮ ಮನೆಯ ಟವರ್ ಅದೇ. ಮುಂಬಯಿಯಿಂದ ಭಾವ ಫೋನ್ ಮಾಡಿದರೆ ಇವಳು ಮಾತಾಡುವುದೂ ಅಲ್ಲೇ. ಇಷ್ಟು ವರ್ಷದಲ್ಲಿ ಕೊಡಪಾನ ಬಾವಿಗೆ ಬಿದ್ದದ್ದು ಎರಡು ಸಲ, ಫೋನ್ ಒಂದೇ ಸಲ.

ಮೆಸೇಜ್ ಹೋದದ್ದೇ ತಡ, ಎಲ್ಲಿತ್ತೋ ಆ ಪ್ರೀತಿ! ದಿನಕ್ಕೆ ಮೂರು ಫೋನು. “ನಮ್ಮಿಂದ ಏನು ಬೇಸರ ಆಯ್ತು ಸರ್?” ಒಬ್ಬಳಿಗೆ ಬಾವಿಕಟ್ಟೆಯ ಕಥೆ ಪೂರ್ತಿ ಹೇಳಿದೆ. ಎಲ್ಲ ಕೇಳಿ, “ಬಾವಿಕಟ್ಟೆ ಅಂದ್ರೆ ಏನು ಸರ್?” ಅಂದಳು. ಪಾಪ, ಯಾವ ಊರಿನ ಹುಡುಗಿಯೋ ಏನೋ.

ಎಂಟಕ್ಷರದ ಕೋಡ್ ಬರ್ತದಲ್ಲ, ಅದರ ಎರಡನೇ ಅಕ್ಷರ ನೋಡಿದ್ದೀರಾ? ಎಕ್ಸ್. ಅದು ಕರ್ನಾಟಕದ ಗುರುತು. ಕೆ ಎಲ್ಲಿ ಹೋಯ್ತು ಅಂದರೆ ಕೋಲ್ಕತ್ತಾಕ್ಕೆ! ಕೇರಳದವರಿಗೆ ಎಲ್ ಆದರೂ ಸಿಕ್ಕಿತು, ನಮಗೆ ಬೀಜಗಣಿತದ ಎಕ್ಸ್. ಕೊನೇ ಪಂಕ್ತಿಯಲ್ಲಿ ಕೂತವನಿಗೆ ಪಾಯಸದ ಸೌಟು ಮಾತ್ರ ಕಂಡ ಹಾಗೆ, ಅಲ್ವಾ? ಆ ಕೋಡಿಗೆ ಆಯುಸ್ಸು ನಾಲ್ಕೇ ದಿನ. ನಮ್ಮ ಶಂಕರಪುರ ಮಲ್ಲಿಗೆಗಿಂತ ಸ್ವಲ್ಪ ಗಟ್ಟಿ ಅನ್ನಿ.

ನಂಬರಾದರೂ ಉಳೀತಲ್ಲ, ಅದೇ ದೊಡ್ಡದು. 2011ರ ಜನವರಿ 20ಕ್ಕೆ ಈ ಸೌಕರ್ಯ ದೇಶಕ್ಕೆಲ್ಲ ಬರುವ ಮೊದಲು ಕಂಪೆನಿ ಬಿಟ್ಟರೆ ನಂಬರೂ ಬಿಟ್ಟಂತೆ. ಪೇಟೆಯಲ್ಲಿ ಒಂದು ಬೋರ್ಡಿತ್ತು, ಮೂರು ನಂಬರ್, ಎರಡಕ್ಕೆ ಗೀಟು. ಗೀಟಿನ ಅಡಿಯದ್ದೇ ಚೆಂದ ಓದಲಿಕ್ಕೆ ಆಗ್ತಿತ್ತು, ಜನ ಅದಕ್ಕೇ ಫೋನ್ ಮಾಡ್ತಿದ್ದರು. 94480 ಅಂದರೆ ಬಿಎಸ್ಸೆನ್ನೆಲ್, 98450 ಅಂದರೆ ಏರ್‌ಟೆಲ್ ಅಂತ ಮುಖ ನೋಡಿ ಮನೆತನ ಹೇಳುವ ಕಾಲ ಅದು.

ನಮ್ಮ ನಂದಳಿಕೆಯ ಲಕ್ಷ್ಮೀನಾರಾಣಪ್ಪ ಮಾಡಿದ್ದು ಇದರ ಉಲ್ಟಾ, ಅಲ್ವಾ? ಕಾವ್ಯ ತನ್ನದೇ, ಹೆಸರು ಮಾತ್ರ ಮುದ್ದಣ. ಯಾರೋ ಹಳೇ ಕವಿಯದ್ದು ಅಂತ ಹೇಳಿ ಮೈಸೂರಿಗೆ ಕಳಿಸಿಬಿಟ್ಟ. ಅಲ್ಲಿ ಒಳಗಿನದ್ದು ಅದೇ, ಮೇಲಿನ ಹೆಸರು ಬೇರೆ. ನನ್ನದು ಮೇಲಿನ ನಂಬರ್ ಅದೇ, ಒಳಗೆ ಎಲ್ಲ ಬೇರೆ. ಎಲ್ಲಿಂದ ಎಲ್ಲಿಗೋ ಹೋದೆ, ಇರಲಿ.

ಮೂರು ಕೆಲಸದ ದಿನ ಅಂದಿದ್ದರು, ಹಾಗೇ ಆಯ್ತು. ಹಳೇ ಸಿಮ್ಮಿನಲ್ಲಿ ಉಳಿದಿದ್ದ ಬ್ಯಾಲೆನ್ಸ್ ಮಾತ್ರ ಗೋವಿಂದ, ಅದು ಜೊತೆಗೆ ಬರುವುದಿಲ್ಲವಂತೆ. ಬೆಳಿಗ್ಗೆ ಎದ್ದು ಹೊಸ ಸಿಮ್ ಹಾಕಿ ಜಗಲಿಯಲ್ಲಿ ಕೂತು ನೋಡಿದೆ. ಒಂದು ಕಡ್ಡಿಯೂ ಇಲ್ಲ. ಅಂಗಳಕ್ಕಿಳಿದೆ, ಒಂದು ಕಡ್ಡಿ. ತೆಂಗಿನ ಬುಡ, ಎರಡು. ಬಾವಿಕಟ್ಟೆ ಹತ್ತಿದೆ ನೋಡಿ, ನಾಲ್ಕೂ ಕಡ್ಡಿ!

ಹಾಗಾಗಿ ನಂಬರ್ ಅದೇ, ಜಾಗವೂ ಅದೇ. ಫೋನ್ ತೆಗೆಯಲಿಲ್ಲ ಅಂದರೆ ಬೇಜಾರು ಮಾಡಬೇಡಿ, ಬೇಲಿಯ ಹತ್ತಿರ ಬಂದು ಒಂದು ಕೂಗು ಹಾಕಿ.