ಓಡುವ ಅಳಿಯ

ಕೊಟ್ಟೂರಿನ ಮಂಡಕ್ಕಿ-ಮಿರ್ಚಿ ಅಂಗಡಿಯಲ್ಲಿ ಕೂಡ್ಲಿಗಿ ಕಡೆಯ ಹೆಣ್ಣಿನ ತಂದೆಯೂ ಹರಪನಹಳ್ಳಿ ಕಡೆಯ ಗಂಡಿನ ಅಜ್ಜನೂ ಎದುರುಬದುರು ಕೂತಿದ್ದರು.

"ಹುಡುಗ ಏನ್ ಮಾಡ್ತಾನ್ರೀ?"

"ಓಡ್ತಾನ್ರೀ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ದಿನಾ ನಸುಕಿನಾಗ 1.6 ಕಿಲೋಮೀಟರ್. ಅಗ್ನಿವೀರ ಆಗಬೇಕಲ್ರೀ."

"ಸೈನ್ಯದಾಗ ಲಕ್ಷದ ಹತ್ರ ಜನ ಕಮ್ಮಿ ಅದಾರಂತ. ಕರೆದು ಕೊಡಬೇಕಲ್ಲ?"

"ಮೊದ್ಲು ಕಂಪ್ಯೂಟರ್ ಪರೀಕ್ಷೆ, ಆಮ್ಯಾಲ ಓಟ. ಕೊರೊನಾದಾಗ ಎರಡು ವರ್ಷ ಭರ್ತಿನೇ ಆಗ್ಲಿಲ್ಲ. ಇವನ ಅಣ್ಣ ಓಡ್ತಾ ಓಡ್ತಾ ವಯಸ್ಸನ್ನೇ ದಾಟಿಬಿಟ್ಟ."

ಅಜ್ಜ ಉತ್ಪ್ರೇಕ್ಷೆ ಮಾಡಲಿಲ್ಲ. 2022ರ ಜೂನ್ 14ರಂದು ಅಗ್ನಿವೀರರ ಭರ್ತಿಯ ಅಗ್ನಿಪಥ ಯೋಜನೆ ಘೋಷಣೆಯಾದ ಬೆನ್ನಲ್ಲೇ ವಯೋಮಿತಿಗೆ ಎರಡು ವರ್ಷದ ಸಡಿಲಿಕೆ ಸಿಕ್ಕಿತು, ಅದೂ ಆ ಒಂದು ಸಲಕ್ಕೆ ಮಾತ್ರ. ಸೇವೆ ನಾಲ್ಕು ವರ್ಷ, ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಹೊರಬರುವಾಗ ಸುಮಾರು 11.71 ಲಕ್ಷದ ಗಂಟು. ಪಿಂಚಣಿ ಇಲ್ಲ.

"ಲಗ್ನ ಯಾವಾಗ?"

"ನಾಲ್ಕು ವರ್ಷ ಮಾಡಿಕೊಳ್ಳೋ ಹಂಗಿಲ್ಲ."

"ಬಂದಮ್ಯಾಲ ಏನ್ ಮಾಡ್ತಾನ?"

"ಮತ್ತ ಓಡ್ತಾನ್ರೀ, ಪೊಲೀಸ್ ಭರ್ತಿಗೆ!"

ಹೆಣ್ಣಿನ ತಂದೆ ಮಿರ್ಚಿ ಕೆಳಗಿಟ್ಟರು. ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25. ಉಳಿದವರಿಗೆ ಅರೆಸೇನಾ ಪಡೆಗಳಲ್ಲಿ ಶೇ 10 ಮೀಸಲು ಎಂದು 2022ರಲ್ಲೇ ಘೋಷಣೆಯಾಗಿತ್ತು.