ಸಾದರ ಸ್ವೀಕಾರ

ಹೂಲಿಯ ಮಾಸ್ತರರು ಪುಸ್ತಕ ವಿಮರ್ಶೆಗೆ ಕೈಹಾಕಿದ್ದು ನಿವೃತ್ತಿಯಾದ ಮೂರನೆಯ ತಿಂಗಳಿಗೆ. ಪತ್ರಿಕೆಯೊಂದು ಭಾನುವಾರದ ಪುಟದಲ್ಲಿ ಅಂಗೈಯಗಲ ಜಾಗ ಕೊಟ್ಟಿತು. ಸಂಭಾವನೆಯ ಮಾತೆತ್ತಿದರೆ ‘ಪುಸ್ತಕ ನಿಮಗs ಇಟ್ಕೋರಿ’ ಎಂಬ ಉತ್ತರ ಬಂತು. ಹಾಗೆ ಇಟ್ಟುಕೊಂಡ ಪುಸ್ತಕಗಳು ವರ್ಷ ತುಂಬುವುದರೊಳಗೆ ಕಪಾಟು ದಾಟಿ ಜೋಳದ ಚೀಲಗಳ ಮೇಲೆ ಹತ್ತಿ ಕೂತವು.

“ಇಲಿ ಮದಲ ಬರೇ ಜ್ವಾಳಾ ತಿಂತಿದ್ವು. ಈಗ ಕವಿತಾನೂ ತಿನ್ನಾಕತ್ತಾವ ನೋಡ್ರಿ,” ಎಂದು ಮನೆಯಾಕೆ ಒಂದು ಬೆಳಿಗ್ಗೆ ವರದಿ ಒಪ್ಪಿಸಿದರು. ಮಾಸ್ತರರು ಹೋಗಿ ನೋಡಿದರು. ಕಥಾಸಂಕಲನಗಳನ್ನು ಇಲಿಗಳು ಮೂಸಿ ಬಿಟ್ಟಿದ್ದವು. ತಮಗಿಂತ ನಿಷ್ಠುರ ವಿಮರ್ಶಕರು ಮನೆಯಲ್ಲೇ ಇದ್ದಾರೆಂದು ಅವರಿಗೆ ಆವತ್ತು ಗೊತ್ತಾಯಿತು.

ವರ್ಷಕ್ಕೆ 52 ಭಾನುವಾರ. ಮಾಸ್ತರರ ವಿಮರ್ಶೆ ಅಚ್ಚಾದದ್ದು 37 ವಾರ. ಮಿಕ್ಕ 15 ವಾರ ಆ ಜಾಗದಲ್ಲಿ ದಸರೆಯ, ದೀಪಾವಳಿಯ, ಯಾರದೋ ಹುಟ್ಟುಹಬ್ಬದ ಶುಭಾಶಯಗಳು ಕೈಮುಗಿದು ನಿಂತಿದ್ದವು. ಬರೆದ 37ರಲ್ಲಿ ಅರ್ಧಕ್ಕಿಂತ ಹೆಚ್ಚು ಕವನ, ಹನಿಗವನ ಮತ್ತು ಆಧುನಿಕ ವಚನ. ಈ ಕೊನೆಯ ಜಾತಿಯದು ಭಾಳ ಸುಲಭವೂ ಭಾಳ ಕಷ್ಟವೂ ಹೌದು. ಅಂಕಿತ ಮುಚ್ಚಿಟ್ಟು ಓದಿದರೆ ಯಾರದು ಯಾವುದೆಂದು ಬರೆದವರಿಗೇ ಹೇಳಲಿಕ್ಕಾಗದು.

ಹೂಲಿಯಲ್ಲಿ ಕೂತು ವಿಮರ್ಶೆ ಬರೆಯುವುದಕ್ಕೆ ಇನ್ನೊಂದು ತೊಡಕಿದೆ. ಸವದತ್ತಿಯಿಂದ ಸುಮಾರು 9 ಕಿಲೋಮೀಟರಿನ ಈ ಊರು ಹೊಗಳಿಕೆಯ ಹಳೆಯ ಠಾಣೆ. ಪಂಚಲಿಂಗೇಶ್ವರ ಗುಡಿಯಿಂದ ಹಿಡಿದು ಹಾಳುಬಿದ್ದ ಸಣ್ಣಪುಟ್ಟ ಗುಡಿಗಳವರೆಗೆ ಊರ ತುಂಬ ಚಾಲುಕ್ಯರ ಕಾಲದ ನೆನಪು. ಆಗ ಇದರ ಹೆಸರು ಪೂಲಿ, ಸಾವಿರ ಮಹಾಜನರ ಅಗ್ರಹಾರ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪೌರ್ವಾತ್ಯ ಗ್ರಂಥಗಳನ್ನು ನೋಡಿಕೊಳ್ಳುತ್ತಿದ್ದ ಎಲ್.ಡಿ. ಬಾರ್ನೆಟ್ ಇಲ್ಲಿಯ ಶಾಸನಗಳನ್ನು ಓದಿ, ಇಂಗ್ಲಿಷಿಗೆ ಇಳಿಸಿ, 1920ರ ದಶಕದಲ್ಲಿ ‘ಎಪಿಗ್ರಾಫಿಯಾ ಇಂಡಿಕಾ’ದ 18ನೇ ಸಂಪುಟದಲ್ಲಿ ಪ್ರಕಟಿಸಿದ. ಕಲ್ಲು ಸವೆದು ಅಕ್ಷರ ಹೋದ ಕಡೆ ಚುಕ್ಕಿಗಳನ್ನಿಟ್ಟ. ಈ ಚುಕ್ಕಿಗಳ ವಿಷಯ ಮುಂದೆ ಬರುತ್ತದೆ.

ಕನ್ನಡದ ಮುನ್ನುಡಿ ಎಂಬ ಪ್ರಕಾರ ಹುಟ್ಟಿದ್ದೇ ಇಂಥ ಕಲ್ಲುಗಳ ಮೇಲೆ ಎಂಬುದು ಮಾಸ್ತರರ ವಾದ. ಚಾಲುಕ್ಯರ ಕಾಲದ ಯಾವುದಾದರೂ ದಾನಶಾಸನ ತೆಗೆದುಕೊಳ್ಳಿ. ಮೊದಲು ರಾಜ: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ. ಅವನ ಕೆಳಗಿನ ಸಾಮಂತ ಶತ್ರುಗಳೆಂಬ ಆನೆಗಳಿಗೆ ಸಿಂಹ. ಸಾಮಂತನ ಹೆಂಡತಿ ಸೀತೆಯನ್ನೋ ಅರುಂಧತಿಯನ್ನೋ ಸರಿಗಟ್ಟುವವಳು. ಇಷ್ಟೆಲ್ಲ ಹಾದುಬಂದ ಮೇಲೆ ಇಷ್ಟು ಮತ್ತರು ಹೊಲ, ಅದರ ಮೂಡಣ ಎಲ್ಲೆ ಇದು, ಪಡುವಣ ಎಲ್ಲೆ ಇದು ಎಂಬ ಅಸಲು ಸಂಗತಿ. ಕಟ್ಟಕಡೆಗೆ ಶಾಪ: ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ, 60,000 ವರ್ಷ ಹೇಸಿಗೆಯೊಳಗಿನ ಹುಳುವಿನ ಜನ್ಮ.

ಮಾಸ್ತರರ ಮನೆಗೆ ಬರುವ ಪುಸ್ತಕಗಳ ವಿನ್ಯಾಸವೂ ಇದೇ. ಮುನ್ನುಡಿ, ನಲ್ನುಡಿ, ಆಶಯ ನುಡಿ, ಬೆನ್ನುಡಿ ಎಲ್ಲ ಕೂಡಿ ಒಂದು ಪ್ರಶಸ್ತಿ. ನಡುವೆ ತುಸು ಹೊಲ. ಶಾಪ ಮಾತ್ರ ಅಚ್ಚಾಗಿರುವುದಿಲ್ಲ. ವಿಮರ್ಶೆ ಬಂದ ಸೋಮವಾರ ಫೋನಿನಲ್ಲಿ ಬರುತ್ತದೆ.

ಆದ್ದರಿಂದ ಮಾಸ್ತರರು ನಾಲ್ಕನೆಯ ತಿಂಗಳಿಗೆ ಒಂದು ಯುಕ್ತಿ ಕಂಡುಕೊಂಡರು. ಪುಸ್ತಕದ ಗುಣ ಹೇಳದೆ ಎಲ್ಲೆ ಮಾತ್ರ ಹೇಳುವುದು. ಮೂಡಲಿಗೆ 112 ಪುಟ, ಪಡುವಲಿಗೆ 150 ರೂಪಾಯಿ, ಬಡಗಲಿಗೆ ಲೇಖಕರ ಬಣ್ಣದ ಫೋಟೊ, ತೆಂಕಲಿಗೆ ಕರಡು ತಿದ್ದದೆ ಬಿಟ್ಟ ತಪ್ಪುಗಳು. ಇದಕ್ಕೆ ಯಾರೂ ಸಿಟ್ಟಾಗಲಿಲ್ಲ. ಬೈಲಹೊಂಗಲದ ಕವಿಯೊಬ್ಬರು “ಭಾಳ ಸಮತೋಲನದ ವಿಮರ್ಶಾ” ಅಂತ ಪತ್ರ ಬರೆದರು. ಅದನ್ನು ಓದಿ ಮಾಸ್ತರರಿಗೆ ನಾಚಿಕೆಯಾಯಿತು, ಯುಕ್ತಿ ಬಿಟ್ಟರು.

ಅಂಥ ಹೊತ್ತಿನಲ್ಲಿ ಅವರಿಗೆ ಹೊಟ್ಟೆಕಿಚ್ಚು ಬರುವುದು ಕೀರ್ತಿನಾಥ ಕುರ್ತಕೋಟಿಯವರ ಮೇಲೆ. ಗದುಗಿನವರು, ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟದ ಒಡನಾಡಿ, ‘ಉರಿಯ ನಾಲಗೆ’ಗೆ 1995ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಹೊಟ್ಟೆಕಿಚ್ಚು ಪ್ರಶಸ್ತಿಯದಲ್ಲ, ವಿಳಾಸದ್ದು. ಅವರು ಬಹುಕಾಲ ಇಂಗ್ಲಿಷ್ ಕಲಿಸುತ್ತ ಇದ್ದದ್ದು ಗುಜರಾತಿನ ಆಣಂದದಲ್ಲಿ. ಅಲ್ಲಿಗೆ ಯಾವ ಕನ್ನಡ ಕವಿ ಬಸ್ಸು ಹಿಡಿದು ಬಂದಾನು? ಹೂಲಿಯ ಮಾಸ್ತರರು ಹಾಲು ತರಲಿಕ್ಕೆ ಹೋದರೆ ಡೇರಿಯ ಸಾಲಿನಲ್ಲೇ ಇಬ್ಬರು ಕವಿಗಳು ಸಿಗುತ್ತಾರೆ.

ವರ್ಷದಲ್ಲಿ ಒಮ್ಮೆ ಮಾತ್ರ ಅವರು ಸೋತು ಒಪ್ಪಿಕೊಂಡದ್ದುಂಟು. ಕಿತ್ತೂರು ಉತ್ಸವದ ಹೊತ್ತಿಗೆ ಚೆನ್ನಮ್ಮನ ಮೇಲೊಂದು ನಾಟಕ ಬಂತು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಗುಂಡಿಗೆ ಬಿದ್ದ ಥ್ಯಾಕರೆ ಈ ನಾಟಕದಲ್ಲಿ ಸಾಯಲಿಕ್ಕೆ ನಾಲ್ಕು ಪುಟ ತೆಗೆದುಕೊಳ್ಳುತ್ತಾನೆ, ಅದೂ ಅಚ್ಚ ಧಾರವಾಡದ ಕನ್ನಡದಲ್ಲಿ. ಈತ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ. ಹುಡುಗನಿಗೆ ಆಗ 13 ವರ್ಷ. ಚಿಕ್ಕಪ್ಪನ ಈ ಭಾಷಣ ಕಿವಿಗೆ ಬಿದ್ದಿದ್ದರೆ ‘ವ್ಯಾನಿಟಿ ಫೇರ್’ ಇನ್ನೂ ದಪ್ಪಾಗುತ್ತಿತ್ತು ಎಂದು ಮಾಸ್ತರರು ಬರೆದರು.

ಸೋಮವಾರ ಫೋನು. “ಸರ, ನಾಟಕದಾಗ ಸಾಹೇಬ ಸಾಯೂದs ಮುಖ್ಯ. ನೀವು ಓದಬ್ಯಾಡ್ರಿ, ಬಂದು ಕೂತು ನೋಡ್ರಿ.”

ಹೋಗಿ ನೋಡಿದರು. ಸಾಹೇಬ ಬಿದ್ದು ಎದ್ದು ಮತ್ತೆ ಬಿದ್ದ. ಪ್ರತಿ ಸಲವೂ ಶೀಟಿ, ಚಪ್ಪಾಳೆ. ಮುಂದಿನ ಸಾಲಿನ ಅಜ್ಜಿಯೊಬ್ಬಳು “ಇನ್ನೊಮ್ಮಿ ಹೊಡೀರಿ ಅಂವಗ” ಎಂದು ಕೂಗಿದಳು. ನಾಲ್ಕು ಪುಟ ಸಾಲದೆಂದು ಮಾಸ್ತರರಿಗೂ ಅನ್ನಿಸಿತು. ಮುಂದಿನ ಭಾನುವಾರ ಅದನ್ನೇ ಬರೆದರು.

ಶಂಬಾ ಜೋಶಿಯವರ ಮೇಲೆ ಬರೆಯಬೇಕೆಂಬ ಆಸೆ ಹಾಗೇ ಉಳಿಯಿತು. ಶಂಬಾ ಇದೇ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದವರು, ತಾವೂ ಶಾಲಾ ಮಾಸ್ತರರಾಗಿದ್ದವರು. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಯನ್ನು ಮಾಸ್ತರರು ಜೂನಿನಲ್ಲಿ ಹಿಡಿದು ಆಗಸ್ಟಿನಲ್ಲಿ ಕೆಳಗಿಟ್ಟರು. ಒಂದು ಶಬ್ದದ ಬೇರು ಹಿಡಿದು ಶಂಬಾ ಇಳಿದರೆಂದರೆ ಓದುವವನಿಗೆ ಹಗ್ಗವೂ ಬೇಕು, ಕಂದೀಲೂ ಬೇಕು. ಅಂಗೈಯಗಲದ ಜಾಗ ಎಲ್ಲಿಗೆ ಸಾಕು? ಇಲಿಗಳೂ ಆ ಪುಸ್ತಕದ ತಂಟೆಗೆ ಹೋಗಲಿಲ್ಲ.

ವರ್ಷ ತುಂಬಿದ ವಾರ ಸವದತ್ತಿಯಿಂದ ಬರುವ ಬಸ್ಸಿನಲ್ಲಿ ಹಳೆಯ ಕವಿಯೊಬ್ಬರು ಗಂಟುಬಿದ್ದರು. ಚೀಲದಿಂದ ತಮ್ಮ ಸಂಕಲನದ ಎರಡನೆಯ ಮುದ್ರಣ ತೆಗೆದು, “ನಿಮ್ಮ ಆಶೀರ್ವಾದ ಸರ” ಎಂದು ಕೈಗಿತ್ತರು. ಬೆನ್ನಿನ ಮೇಲೆ ಮಾಸ್ತರರದೇ ಹೆಸರು, ಮಾಸ್ತರರದೇ ಮಾತು: ‘ಇಲ್ಲಿ ಒಳ್ಳೆಯ ಸಾಲು ಸಿಗುತ್ತದೆ.’

ಅವರು ಬರೆದದ್ದು ‘ಇಲ್ಲಿ ಹತ್ತು ಪುಟಕ್ಕೊಮ್ಮೆ ಹುಡುಕಿದರೆ ಒಳ್ಳೆಯ ಸಾಲು ಸಿಗುತ್ತದೆ’ ಎಂದು.

“ನಡಬರಕ ಚುಕ್ಕಿಯಾದ್ರೂ ಹಾಕಬೇಕಿತ್ತಲ್ರಿ,” ಎಂದರು ಮಾಸ್ತರರು. “ಬಾರ್ನೆಟ್ ಸಾಹೇಬ ಹಾಕತಿದ್ದ.”

“ಯಾವ ಊರಾವ್ರ ಸರ ಅವ್ರು?” ಎಂದು ಕೇಳಿದ ಕವಿಗಳು, ವಿಳಾಸ ಕೊಟ್ಟರೆ ಅವರಿಗೂ ಒಂದು ಗೌರವ ಪ್ರತಿ ಕಳಿಸುತ್ತೇನೆಂದು ಪೆನ್ನು ತೆಗೆದರು.