ನಿರ್ಗಮನೋತ್ತರ ಮೀಮಾಂಸೆ, ಅಥವಾ ಪೋಕರ್ ಟೂರ್ನಿಯಿಂದ ಹೊರಬಿದ್ದವನ ತತ್ತ್ವವಿಚಾರ

1. ಪೀಠಿಕೆ

ಮನುಷ್ಯನಿಗೆ ಜ್ಞಾನ ಹೇಗೆ ಉಂಟಾಗುತ್ತದೆ ಎಂಬ ಬಗ್ಗೆ ದರ್ಶನಕಾರರಲ್ಲಿ ಒಮ್ಮತವಿಲ್ಲ. ಪ್ರತ್ಯಕ್ಷದಿಂದ ಎಂದವರುಂಟು, ಅನುಮಾನದಿಂದ ಎಂದವರುಂಟು, ಶಬ್ದವೇ ಪ್ರಮಾಣವೆಂದು ಪಟ್ಟು ಹಿಡಿದವರೂ ಉಂಟು. ಪೋಕರ್ ಟೂರ್ನಿಯಿಂದ ಹೊರಬಿದ್ದು ಕುರ್ಚಿ ಹಿಂದೆ ಸರಿಸಿದ ಕ್ಷಣದಿಂದ ಜ್ಞಾನ ಉಂಟಾಗುತ್ತದೆ ಎಂಬ ಮತವನ್ನು ಈವರೆಗೆ ಯಾರೂ ಮಂಡಿಸಿದಂತಿಲ್ಲ. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಉದ್ದೇಶ.

2. ವಿಷಯಲಕ್ಷಣ

ಟೆಕ್ಸಾಸ್ ಹೋಲ್ಡೆಮ್ ಎಂಬ ಆಟದಲ್ಲಿ ಪ್ರತಿಯೊಬ್ಬನಿಗೂ ಗುಟ್ಟಿನ ಎರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಆಮೇಲೊಂದು, ಕೊನೆಗೆ ರಿವರ್ ಎಂಬ ಇನ್ನೊಂದು. ಟೂರ್ನಿಯಲ್ಲಿ ಪ್ರವೇಶಧನ ಕಟ್ಟಿದವನಿಗೆ ಒಂದು ರಾಶಿ ಚಿಪ್ಸ್ ಸಿಗುತ್ತದೆ. ಹೊತ್ತು ಕಳೆದಂತೆ ಬ್ಲೈಂಡ್ ಎಂಬ ಕಡ್ಡಾಯ ಪಣ ಏರುತ್ತಾ ಹೋಗುವುದರಿಂದ ಏನೂ ಆಡದೆ ಸುಮ್ಮನೆ ಕೂತವನೂ ಕರಗುತ್ತಾನೆ. ಚಿಪ್ಸ್ ಮುಗಿದವನು ಎದ್ದು ಹೋಗಬೇಕು. ನಮ್ಮ ಅಧ್ಯಯನದ ವಸ್ತು ಆರಂಭವಾಗುವುದು ಇಲ್ಲಿಂದ.

ವಸ್ತುವಿಗೆ ಅಭಾವವಿಲ್ಲ. 2023ರಲ್ಲಿ ಲಾಸ್ ವೇಗಾಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಗೆ ತಲಾ 10,000 ಡಾಲರ್ ತೆತ್ತು 10,043 ಮಂದಿ ಕೂತರು. ಗೆದ್ದವನು ಒಬ್ಬ. ಉಳಿದ 10,042 ಮಂದಿ ಮೀಮಾಂಸಕರಾಗಿ ಹೊರಬಂದರು. ಯಾವ ವಿಶ್ವವಿದ್ಯಾಲಯವೂ ಒಂದೇ ಬೇಸಿಗೆಯಲ್ಲಿ ಇಷ್ಟು ಜನ ಪಂಡಿತರನ್ನು ಹೊರಹಾಕಿದ್ದಿಲ್ಲ.

3. ಪೂರ್ವಸೂರಿಗಳು

ಈ ಪ್ರಕಾರದ ಆದಿಕೃತಿ ಋಗ್ವೇದದ ಹತ್ತನೇ ಮಂಡಲದ 34ನೇ ಸೂಕ್ತ. ತಾರೆಕಾಯಿಯ ದಾಳ ಉರುಳಿಸಿ ಸೋತವನೊಬ್ಬ ಅಲ್ಲಿ ಮಾತಾಡುತ್ತಾನೆ. ಹೆಂಡತಿ ಹತ್ತಿರ ಸೇರಿಸುತ್ತಿಲ್ಲ, ಅತ್ತೆಗೆ ಅವನ ಮುಖ ಕಂಡರಾಗದು. ಇನ್ನು ಆಡಲಾರೆ ಎಂದು ನಿಶ್ಚಯಿಸಿದವನು ದಾಳದ ಸದ್ದು ಕಿವಿಗೆ ಬಿದ್ದೊಡನೆ ಹೊರಟೇಬಿಡುತ್ತಾನೆ. ಕೊನೆಯಲ್ಲಿ ಸಿಗುವ ಉಪದೇಶ: ಜೂಜು ಬಿಡು, ಹೊಲ ಉಳು. ಅಂದಿನಿಂದ ಇಂದಿನವರೆಗೆ ಈ ಶಾಸ್ತ್ರಕ್ಕೆ ಹೊಸ ನಿಷ್ಕರ್ಷೆ ಯಾವುದೂ ಸೇರಿಲ್ಲ, ಹೊಲಕ್ಕೆ ಹೋದವರೂ ಕಡಿಮೆ.

ಎರಡನೆಯ ಆಚಾರ್ಯ ಧರ್ಮರಾಯ. ಸರ್ವಸ್ವವನ್ನೂ ಸೋತ, ಧೃತರಾಷ್ಟ್ರ ಎಲ್ಲವನ್ನೂ ಹಿಂದಿರುಗಿಸಿದ, ಊರ ದಾರಿ ಹಿಡಿದವನನ್ನು ಮತ್ತೆ ಕರೆದರೆ ಮತ್ತೆ ಬಂದು ಕೂತ. ಇಂದಿನ ಎಷ್ಟೋ ಟೂರ್ನಿಗಳಲ್ಲಿ ಹೀಗೆ ಮರಳಿ ಕೂರುವುದಕ್ಕೆ ರೀ-ಎಂಟ್ರಿ ಎನ್ನುತ್ತಾರೆ. ಅಲ್ಲಿ ಎರಡನೆಯ ಸಲವೂ ಶುಲ್ಕ ಕಟ್ಟಬೇಕು. ಧರ್ಮರಾಯ ಹದಿಮೂರು ವರ್ಷ ಕಟ್ಟಿದ.

ಮೂರನೆಯವನು ನಳ. ಅವನೊಳಗೆ ಕಲಿ ಹೊಕ್ಕು ಆಡಿಸಿದನೆಂದು ಮಹಾಭಾರತ ಹೇಳುತ್ತದೆ. ಪೋಕರ್ ಪರಿಭಾಷೆಯಲ್ಲಿ ಹೀಗೆ ಹಿಡಿತ ತಪ್ಪಿ ಆಡುವುದೇ ಟಿಲ್ಟ್. ಆದರೆ ಸೋತ ಮೇಲೆ ನಳ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ತನ್ನ ಆಟದ ಕಥೆ ಹೇಳಿಕೊಂಡು ತಿರುಗಲಿಲ್ಲ. ತಾರೆಮರದ ಎಲೆ, ಕಾಯಿಗಳನ್ನು ನಿಂತಲ್ಲೇ ಎಣಿಸಿಬಿಟ್ಟ ಋತುಪರ್ಣನಿಂದ ಅಕ್ಷಹೃದಯವೆಂಬ ವಿದ್ಯೆಯನ್ನು ಕಲಿತ, ಬದಲಿಗೆ ತನ್ನ ಅಶ್ವವಿದ್ಯೆಯನ್ನು ಕೊಟ್ಟ. ಎಣಿಕೆ ಬಂದೊಡನೆ ಕಲಿ ಹೊರಟುಹೋದ. ಸೋತ ಮೇಲೆ ನಿಜವಾಗಿ ಅಭ್ಯಾಸ ಮಾಡಿದ ಈ ಒಬ್ಬನನ್ನು ನಮ್ಮ ಸಂಪ್ರದಾಯ ಅಪವಾದವೆಂದು ಪರಿಗಣಿಸಿ ಪಕ್ಕಕ್ಕಿಡುತ್ತದೆ.

4. ವರ್ಗೀಕರಣ

ಹೊರಬಿದ್ದವರಲ್ಲಿ ಮೊದಲ ಪಂಗಡ ದೈವವಾದಿಗಳು. ಇವರ ಕೈಯಲ್ಲಿ ಯಾವಾಗಲೂ ಎಕ್ಕದ ಜೋಡಿ ಇದ್ದು, ಎದುರಾಳಿಯ ಕೈಯಲ್ಲಿ ರಾಜನ ಜೋಡಿ ಇರುತ್ತದೆ. ಎಕ್ಕದ ಜೋಡಿ ಬರುವುದು 221ಕ್ಕೊಮ್ಮೆ. ರಾಜನ ಜೋಡಿಯ ಎದುರು ಅದು ನೂರಕ್ಕೆ ಸುಮಾರು 82 ಸಲ ಗೆಲ್ಲುತ್ತದೆ. ಉಳಿದ 18 ಸಲ ತನಗೆಂದೇ ಮೀಸಲಾಗಿತ್ತು ಎಂಬುದು ದೈವವಾದಿಯ ದೃಢ ನಂಬಿಕೆ. ಇಂಥದೇ ಸಂದರ್ಭದಲ್ಲಿ ಐದು ಸಲ ಇದ್ದುದನ್ನೆಲ್ಲ ಒಡ್ಡಿದರೆ ಐದರಲ್ಲೂ ಗೆದ್ದು ಉಳಿಯುವ ಸಂಭವ ನೂರಕ್ಕೆ 37 ಮಾತ್ರ. ಒಂದು ತಪ್ಪನ್ನೂ ಮಾಡದವನು ಉಳಿಯುವುದಕ್ಕಿಂತ ಹೊರಬೀಳುವುದೇ ಹೆಚ್ಚು ಎಂದಾಯಿತು. ಈ ಲೆಕ್ಕವನ್ನು ಕೇಳಿದ ದೈವವಾದಿ ಸಮಾಧಾನಗೊಳ್ಳುವುದಿಲ್ಲ. ಅವನಿಗೆ ಬೇಕಾದದ್ದು ಲೆಕ್ಕವಲ್ಲ, ಕೇಳುವವನ ಬಾಯಿಂದ ಒಂದು ‘ಅಯ್ಯೋ’.

ಈ ಪಂಗಡಕ್ಕೆ ಹುತಾತ್ಮನೂ ಇದ್ದಾನೆ. 2014ರಲ್ಲಿ ಹತ್ತು ಲಕ್ಷ ಡಾಲರ್ ಪ್ರವೇಶಧನದ ಟೂರ್ನಿಯೊಂದರಲ್ಲಿ ಕಾನರ್ ಡ್ರಿನನ್ ಕೈಯಲ್ಲಿ ಎರಡು ಎಕ್ಕ, ಕ್ಯಾರಿ ಕ್ಯಾಟ್ಜ್ ಕೈಯಲ್ಲೂ ಎರಡು ಎಕ್ಕ. ನೂರಕ್ಕೆ 95ಕ್ಕೂ ಹೆಚ್ಚು ಸಲ ಇಂಥಲ್ಲಿ ಸಮಪಾಲು. ಅಂದು ನಡುವೆ ನಾಲ್ಕು ಆಟೀನು ಬಿದ್ದು, ಆಟೀನಿನ ಎಕ್ಕವೂ ಸೇರಿ ಐದೂ ಆಟೀನೇ ಆದ ಕ್ಯಾಟ್ಜ್ ಎಲ್ಲವನ್ನೂ ಬಾಚಿಕೊಂಡರು, ಡ್ರಿನನ್ ಎದ್ದು ನಡೆದರು. ನ್ಯಾಯವಾಗಿ ‘ಅಯ್ಯೋ’ ಎನ್ನಿಸಿಕೊಳ್ಳಬಹುದಾದ ಪ್ರಸಂಗ ಇದು. ಉಳಿದವರು ಡ್ರಿನನ್ ಹೆಸರಿನಲ್ಲಿ ಅದನ್ನು ಗಿಟ್ಟಿಸಿಕೊಳ್ಳುತ್ತಾರೆ.

ಎರಡನೆಯ ಪಂಗಡ ಪಶ್ಚಾದ್‌ದರ್ಶಿಗಳು. “ಅವನ ಹತ್ತಿರ ಅದೇ ಇದೆ ಅಂತ ನಂಗೆ ಗೊತ್ತಿತ್ತು ಮಾರಾಯ” ಎಂಬುದು ಇವರ ಮಹಾವಾಕ್ಯ. ನಡೆದುಹೋದದ್ದು ಮೊದಲೇ ಗೊತ್ತಿತ್ತು ಎಂದು ಮನಸ್ಸಿಗೆ ತೋರುವ ಈ ಭ್ರಮೆಯನ್ನು 1975ರಲ್ಲಿ ಮನಶ್ಶಾಸ್ತ್ರಜ್ಞ ಬರೂಕ್ ಫಿಶಾಫ್ ಪ್ರಯೋಗದಿಂದ ತೋರಿಸಿದರು. ಎದುರಾಳಿಯ ಎಲೆಗಳು ಕಾಣುತ್ತಿದ್ದರೆ ಹೇಗೆ ಆಡುತ್ತಿದ್ದೆಯೋ ಹಾಗೆಯೇ ಆಡಿದಾಗ ನಿನಗೆ ಲಾಭ ಎಂಬುದು ಡೇವಿಡ್ ಸ್ಕ್ಲಾನ್ಸ್ಕಿಯ ಮೂಲಸೂತ್ರದ ಸಾರ. ಪಶ್ಚಾದ್‌ದರ್ಶಿ ಈ ಸೂತ್ರವನ್ನು ಅಕ್ಷರಶಃ ಪಾಲಿಸುತ್ತಾನೆ, ಅರ್ಧ ಗಂಟೆ ತಡವಾಗಿ.

ಮೂರನೆಯವರು ಯಂತ್ರವಾದಿಗಳು. ಇವರು ಮನೆಗೆ ಹೋಗಿ, ಸರಿಯಾದ ಆಟವನ್ನು ಲೆಕ್ಕ ಹಾಕುವ ಸಾಲ್ವರ್ ಎಂಬ ಕಂಪ್ಯೂಟರ್ ತಂತ್ರಾಂಶಕ್ಕೆ ತಾವು ಹೊರಬಿದ್ದ ಕೈಯನ್ನು, ಅಂದರೆ ಆ ಸುತ್ತಿನ ಆಟವನ್ನು, ಊಡಿಸಿ ತೀರ್ಪು ಕೇಳುತ್ತಾರೆ. ಇಂಥ ಸ್ಥಿತಿಯಲ್ಲಿ ಕೆಲವು ಸಲ ಫೋಲ್ಡ್ (ಎಲೆ ಮಡಚಿಡು), ಕೆಲವು ಸಲ ಕಾಲ್ (ಪಣಕ್ಕೆ ಸಮಪಣ ಕಟ್ಟು) ಎಂದು ಅದು ನುಡಿಯುವುದುಂಟು. ಅಷ್ಟು ಕೇಳಲು ಕಂಪ್ಯೂಟರ್ ಬೇಕಿರಲಿಲ್ಲ, ಧರ್ಮ ಸೂಕ್ಷ್ಮವೆಂದು ನುಣುಚಿಕೊಂಡ ಭೀಷ್ಮರನ್ನು ಕೇಳಿದ್ದರೂ ಸಾಕಿತ್ತು.

5. ನ್ಯಾಯಾಂಗಪ್ರಮಾಣ

ಇಸ್ಪೀಟು ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂದು ನಮ್ಮ ನ್ಯಾಯಾಲಯಗಳು ದಶಕಗಳಿಂದ ಚರ್ಚಿಸಿವೆ. ರಮ್ಮಿಯಲ್ಲಿ ಜಾಣ್ಮೆಯದೇ ಮೇಲುಗೈ ಎಂದು 1968ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೋಕರನ್ನು ಜಾಣ್ಮೆಯ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲವೆಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಕಂಡುಕೊಂಡಿತು. ಜಾಣ್ಮೆಯಾದರೂ ಸರಿ, ಅದೃಷ್ಟವಾದರೂ ಸರಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷಿದ್ಧ ಎಂದು 2025ರಲ್ಲಿ ಸಂಸತ್ತು ಕಾಯ್ದೆ ಮಾಡಿ ವಾದವನ್ನೇ ಬದಿಗೆ ಸರಿಸಿತು. ಇಷ್ಟೆಲ್ಲ ಶ್ರಮ ಅನಗತ್ಯವಾಗಿತ್ತು. ಹೊರಬಿದ್ದ ಯಾವನನ್ನು ಕೇಳಿದ್ದರೂ ಇತ್ಯರ್ಥವಾಗುತ್ತಿತ್ತು: ತಾನು ಗೆದ್ದ ಕೈಗಳೆಲ್ಲ ಜಾಣ್ಮೆ, ಸೋತ ಕೈ ಅದೃಷ್ಟ. ಎದುರಾಳಿಯ ವಿಷಯದಲ್ಲಿ ಇದನ್ನೇ ತಿರುವುಮುರುವು ಮಾಡಿಕೊಳ್ಳತಕ್ಕದ್ದು.

6. ಪೂರ್ವಪಕ್ಷ ಮತ್ತು ಸಿದ್ಧಾಂತ

ಹೊರಬಿದ್ದ ಕೈಯಲ್ಲಿ ಮಾಡಿದ್ದೇ ಟೂರ್ನಿಯ ಅತಿ ಕಠಿಣ ನಿರ್ಧಾರ ಎಂಬುದು ಪೂರ್ವಪಕ್ಷ. ಹಾಗಲ್ಲ ಎನ್ನುತ್ತೇವೆ. ಹತ್ತು ಬ್ಲೈಂಡಿನಷ್ಟು ಮಾತ್ರ ಉಳಿದವನಿಗೆ ರಾಣಿಯ ಜೋಡಿ ಬಂದರೆ ಇದ್ದುದನ್ನೆಲ್ಲ ಒಡ್ಡಿ ಆಲ್-ಇನ್ ಎನ್ನುವುದಕ್ಕೆ ಬುದ್ಧಿ ಬೇಕಿಲ್ಲ, ಬಾಯಿದ್ದರೆ ಸಾಕು. ಎದುರಿಗೆ ಎಕ್ಕ-ರಾಜ ಇದ್ದರೆ ನೂರಕ್ಕೆ ಐವತ್ತೈದರ ಆಸುಪಾಸು ರಾಣಿಯರ ಕಡೆ. ಆಮೇಲಿನದು ಎಲೆ ಹಂಚುವವನ ಕೈಲಿದೆ. ಇದನ್ನು ಊಟದ ಹೊತ್ತಿಡೀ ಚರ್ಚಿಸುವುದು ನಿರ್ಧಾರದ ವಿಮರ್ಶೆಯಲ್ಲ, ಎಲೆಯ ಶ್ರಾದ್ಧ.

ಕಠಿಣ ನಿರ್ಧಾರಗಳು ಬೇರೆಡೆ ಇದ್ದವು. ಹತ್ತು ಬ್ಲೈಂಡಿಗೆ ಇಳಿಯುವ ಮುನ್ನ, ಯಾರ ನೆನಪಿನಲ್ಲೂ ಉಳಿಯದ ಸಣ್ಣ ಕೈಗಳಲ್ಲಿ ಕುತೂಹಲಕ್ಕೆಂದು ಕಾಲ್ ಮಾಡಿ ಚೂರುಚೂರೇ ಕಳೆದದ್ದು ಅಲ್ಲಿ. ಬಹುಮಾನದ ಗೆರೆ ಹತ್ತಿರವಾದಾಗ ಗೆಲ್ಲುವ ಚಿಪ್ಸ್‌ಗಿಂತ ಕಳೆದುಕೊಳ್ಳುವ ಚಿಪ್ಸ್‌ಗೆ ಬೆಲೆ ಹೆಚ್ಚು, ಒಳ್ಳೆಯ ಎಲೆಯನ್ನೂ ಮಡಚಿಡಬೇಕಾಗಬಹುದು. ಅದನ್ನು ತೂಗಿ ನೋಡಬೇಕಾದದ್ದೂ ಅಲ್ಲಿ. ಆ ಕೈಗಳಲ್ಲಿ ಯಾರೂ ಹೊರಬೀಳುವುದಿಲ್ಲ, ಆದ್ದರಿಂದ ಯಾರೂ ಅವುಗಳ ಮೀಮಾಂಸೆ ಬರೆಯುವುದಿಲ್ಲ.

ಕುರುಸಭೆಯಲ್ಲಿ ಹೆಚ್ಚಿನವರ ಕಣ್ಣು ದಾಳದ ಮೇಲೆ, ಶಕುನಿಯ ಕೈಚಳಕದ ಮೇಲೆ. ದ್ರೌಪದಿ ಪಣದ ಕಡೆ ಬೆರಳು ತೋರಿಸಿ, ಧರ್ಮರಾಯ ಮೊದಲು ತನ್ನನ್ನು ಸೋತನೋ ನನ್ನನ್ನೋ ಎಂದು ಕೇಳಿ ಕಳಿಸಿದಳು. ದಾಳ ಹೇಗೆ ಬಿತ್ತೆಂಬುದಕ್ಕಿಂತ ಒಡ್ಡಿದ್ದನ್ನು ಒಡ್ಡಲು ಅಧಿಕಾರವಿತ್ತೇ ಎಂಬುದೇ ಪ್ರಶ್ನೆ. ನಮ್ಮ ಶಾಸ್ತ್ರದಲ್ಲಿ ಇಂದಿಗೂ ಉತ್ತರ ಸಿಗದೆ ಉಳಿದಿರುವುದು ಅದೊಂದೇ.

7. ಉಪಸಂಹಾರ

ಆದ್ದರಿಂದ ಮುಂದಿನ ಸಂಶೋಧಕರು ಮೇಜನ್ನು ಬಿಟ್ಟು ಹಣ ಕಟ್ಟುವ ಕೌಂಟರನ್ನು ಅಭ್ಯಾಸ ಮಾಡಬೇಕೆಂದು ಸೂಚಿಸುತ್ತೇವೆ. ಮೇಜಿನಲ್ಲಿ ಒಬ್ಬ ನಾಲ್ಕು ಚಿಪ್ಸ್‌ಗಾಗಿ ಗಲ್ಲಕ್ಕೆ ಕೈ ಕೊಟ್ಟು ಯೋಚಿಸುತ್ತಾ ಕೂತರೆ ಉಳಿದವರು ಬೇಸತ್ತು ‘ಕ್ಲಾಕ್’ ಎನ್ನುತ್ತಾರೆ, ಅಲ್ಲಿಂದ ಅವನಿಗೆ ಎಣಿಸಿದಷ್ಟೇ ಸೆಕೆಂಡು. ಅದೇ ಮನುಷ್ಯ ಹೊರಬಿದ್ದು, ಇಡೀ ಪ್ರವೇಶಧನ ಹಿಡಿದು ರೀ-ಎಂಟ್ರಿ ಕೌಂಟರಿನ ಮುಂದೆ ನಿಲ್ಲುತ್ತಾನೆ. ಅಲ್ಲಿ ‘ಕ್ಲಾಕ್’ ಎನ್ನುವ ಪ್ರಮೇಯ ಯಾರಿಗೂ ಬರುವುದಿಲ್ಲ.